ಜೇಬಿಗಿಳಿಯುವ ಕೈ

ತೊಟ್ಟು, ಇನ್ನೊಂದು ತೊಟ್ಟು, ಕೊಳವೆಯಲ್ಲಿ ಔಷಧಿ ಇಳಿಯುತ್ತಿದೆ, ಬಲಗಣ್ಣಿಗೆ ಒಂದೊಂದೂ ಕಾಣುತ್ತದೆ, ಎಡಗಣ್ಣಿಗೆ ಮಾತ್ರ ಆ ಕರಿ ಮಚ್ಚೆ, ಎಲ್ಲಿ ನೋಡಿದರೂ ನಟ್ಟನಡುವೆ ಕರೆಯದೆ ಬಂದ ನೆಂಟನ ಹಾಗೆ ಕೂತಿರುತ್ತದೆ, ಇವತ್ತು ನಿನ್ನ ಬಂಡವಾಳ ಬಯಲಾಗುತ್ತೆ ಕಣೋ ಎಂದ ಕತಾಲ್ದೊ ಅದಕ್ಕೆ, ಬಾಯಿ ಬಿಡದೆ – ಮೂರನೇ ಸುತ್ತಿನ ಕೀಮೋ, ಇನ್ನು ಸ್ವಲ್ಪ ಹೊತ್ತಿಗೆ ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ಒಳಗೆ ನೋಡುತ್ತಾರೆ, ಮಚ್ಚೆ ಕುಗ್ಗಿದ್ದರೆ ಕಣ್ಣು ಉಳಿಯಿತು, ಇಲ್ಲದಿದ್ದರೆ ಕೀಳಬೇಕು, ಒಕ್ಕಣ್ಣನಿಗೆ ಹೆಣದ ಗಾಡಿಯ ಸ್ಟೀರಿಂಗ್ ಯಾರು ಕೊಡುತ್ತಾರೆ, ಹನ್ನೊಂದು ವರ್ಷ ತಾರಂತೊ ಊರಿನ ಸತ್ತವರನ್ನೆಲ್ಲ ಒಂದು ಗೀರೂ ಆಗದಂತೆ ಸ್ಮಶಾನ ಮುಟ್ಟಿಸಿದವನು, ಸತ್ತವರು ಒಬ್ಬರೂ ದೂರು ಕೊಟ್ಟಿಲ್ಲ, ಬದುಕಿದ್ದವರದೇ ಕಾಟ, ಗಾಡಿ ತಿರುವಿನಲ್ಲಿ ಕಂಡರೆ ಸಾಕು ಗಂಡಸರ ಕೈ ಪ್ಯಾಂಟಿನ ಜೇಬಿಗೆ ಇಳಿಯುತ್ತದೆ, ಬೀಜ ಮುಟ್ಟಿಕೊಂಡರೆ ಸಾವು ಹತ್ತಿರ ಸುಳಿಯುವುದಿಲ್ಲವಂತೆ, ಮೀನು ಮಾರುವವನ ಕೈ, ವಕೀಲನ ಕೈ, ಒಮ್ಮೆ ಪಾದ್ರಿಯ ಕೈಯೂ ನಿಲುವಂಗಿಯ ಮಡಿಕೆಯಲ್ಲಿ ಮಾಯವಾದದ್ದನ್ನು ಪಕ್ಕದ ಕನ್ನಡಿಯಲ್ಲಿ ಕಂಡು ಅವನು ದಾರಿಯುದ್ದಕ್ಕೂ ನಕ್ಕಿದ್ದ, ತಾನು ಮಾತ್ರ ಒಂದು ದಿನವೂ ಮುಟ್ಟಿಕೊಂಡವನಲ್ಲ, ಸಾವನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವವನಿಗೆ ಅದೆಲ್ಲ ನಾಚಿಕೆಗೇಡು, ಆ ಜಂಬಕ್ಕೆ ಬೆಂಕಿ ಬೀಳ, ದಿನಕ್ಕೊಮ್ಮೆ ಮುಟ್ಟಿಕೊಂಡಿದ್ದರೆ ಗಂಟು ಎಂದೋ ಕೈಗೆ ಸಿಕ್ಕಿರುತ್ತಿತ್ತು, ಊರಿನ ಮೂಢರೆಲ್ಲ ಬುದ್ಧಿವಂತರಾದರು, ಬುದ್ಧಿವಂತ ಇಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿದ್ದಾನೆ.

ಮೊದಲು ನೋಡಿದ ಮುದಿ ಡಾಕ್ಟರು ಕಣ್ಣು ತೆಗೆದುಬಿಡೋಣ ಎಂದಿದ್ದರು, ಹುಳುಕು ಹಲ್ಲು ಕೀಳುವಷ್ಟು ಸಲೀಸಾಗಿ, ತೆಗೀರಿ ನೋಡೋಣ ಎಂದು ಎದ್ದು ಬಂದಿದ್ದ, ಈ ಡಾಕ್ಟರಮ್ಮ ಲೊರೆದಾನಾ ಬಹಳ ಹೊತ್ತು ನೋಡಿ, ಇದು ಕಣ್ಣಲ್ಲಿ ಹುಟ್ಟಿದ್ದಲ್ಲಪ್ಪ, ಬೇರೆ ಕಡೆಯಿಂದ ಬಂದಿದೆ, ಕೆಳಗಡೆ ಏನಾದ್ರೂ ಗಂಟಿದೆಯಾ, ಎಲ್ಲಿ ಕೆಳಗೆ, ಅಲ್ಲೇ, ಪ್ಯಾಂಟ್ ಬಿಚ್ಚು, ಅಮ್ಮಾ ನಾನು ಬಂದಿರೋದು ಕಣ್ಣಿಗೆ, ಗೊತ್ತು ಬಿಚ್ಚು – ಬಲಗಡೆ, ಕಡಲೆಕಾಳಿನಷ್ಟು, ನೋವಿಲ್ಲದ್ದು, ಅದರ ಬೀಜ ರಕ್ತದಲ್ಲಿ ಈಜಿ ಕಣ್ಣಿನ ಹಿಂಪರದೆಗೆ ಬಂದು ಬೇರು ಬಿಟ್ಟಿದೆ, ಬಲು ಅಪರೂಪ, ನನ್ನ ಸರ್ವಿಸ್ಸಲ್ಲಿ ನೀನೇ ಮೊದಲು ಎಂದರು, ಲಾಟರಿ ಹೊಡೆದವನ ಬೆನ್ನು ತಟ್ಟಿದ ಹಾಗೆ, ಆ ಕಡೆಯದನ್ನು ತೆಗೆದರು, ಕಣ್ಣಿಗೆ ಔಷಧಿಯೇ ಹೋಗಿ ಹೊಡೀಲಿ ಎಂದರು, ಮನೆಗೆ ಬಂದಾಗ ಅಳಬಾರದೆಂದು ಗೋಡೆ ನೋಡುತ್ತಾ ಮಲಗಿದ್ದವನಿಗೆ ಹೆಂಡತಿ ಒರ್ನೆಲ್ಲಾ, ಎರಡಿದ್ದಾಗ ನೀನೇನು ಕಡಿದು ಗುಡ್ಡೆ ಹಾಕಿದ್ದೆ, ಒಂದು ಸಾಕು ಬಾ ಉಣ್ಣು ಎಂದಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ನೀರಿನ ಸದ್ದಿಗೆ ಅಳು ಮುಚ್ಚುತ್ತದೆಯೇ, ಅವನಿಗೆ ಭಯವಾದದ್ದು ಆಗ ಮಾತ್ರ, ಕೆಟ್ಟ ಭಯ, ಭಯದ ಹಿಂದೆಯೇ ಸಿಟ್ಟು, ಸಿಟ್ಟೇ ವಾಸಿ, ಸಿಟ್ಟು ಬಂದವನು ಎದ್ದು ಉಣ್ಣುತ್ತಾನೆ.

ಪಕ್ಕದ ಕುರ್ಚಿಯಲ್ಲಿ ಒರೊಂಜೊ ಅಜ್ಜ, ಕರುಳಿನ ಗಡ್ಡೆ, ಅವನಿಗೂ ಡ್ರಿಪ್ಪು, ಏನ್ ಕೆಲ್ಸ ಮಗಾ ಎಂದ, ಹೆಣದ ಗಾಡಿ ಓಡಿಸ್ತೀನಿ ಅಜ್ಜ, ಅಷ್ಟೇ, ಅಜ್ಜನ ಸೂಜಿಯಿಲ್ಲದ ಕೈ ಸರ್ರನೆ ಜೇಬಿಗೆ ಇಳಿಯಿತು, ಕತಾಲ್ದೊಗೆ ನಗು ಬಂತು, ಅಜ್ಜ, ಸುಮ್ನೆ ಮುಟ್ಟಿ ಬಿಟ್ಟುಬಿಡ್ಬೇಡ, ನಿಧಾನಕ್ಕೆ ಎರಡನ್ನೂ ಒತ್ತಿ ನೋಡು, ಗಂಟು ಸಿಕ್ರೆ ಡಾಕ್ಟ್ರಿಗೆ ಹೇಳು, ಥೂ ನಿನ್ನ, ನನ್ನ ವಯಸ್ಸಿಗೆ ಇರೋದೇ ಗಂಟು – ಅಷ್ಟರಲ್ಲಿ ನರ್ಸ್ ಕರೆದಳು, ಕತಾಲ್ದೊ ಡ್ರಿಪ್ಪಿನ ಕಂಬ ತಳ್ಳಿಕೊಂಡು ಹೋದ, ಕತ್ತಲೆ ಕೋಣೆ, ಕಣ್ಣಿಗೆ ಹನಿ, ಸೂರ್ಯನಂಥ ದೀಪ, ಮೇಲೆ ನೋಡು, ಕೆಳಗೆ ನೋಡು, ಡಾಕ್ಟರಮ್ಮ ಮಾತಾಡುವುದಿಲ್ಲ, ಮಾತಾಡಿ ತಾಯೀ, ಹೆಣವೂ ಇಷ್ಟು ಸುಮ್ಮನಿರುವುದಿಲ್ಲ, ಕುಗ್ಗಿದೆ ಎಂದರು, ಈಗ ಅರ್ಧಕ್ಕೂ ಕಡಿಮೆ ಉಳಿದಿದೆ, ಇನ್ನೊಂದು ಸುತ್ತು ಬಾಕಿ ಇದೆ, ಪೂರ್ತಿ ಗೆದ್ದೆ ಅಂತ ಕುಣೀಬೇಡ, ಆದ್ರೆ ಕಣ್ಣು ಕೀಳಲ್ಲ.

ಕುಣಿಯಲಿಲ್ಲ, ಕಂಬ ತಳ್ಳಿಕೊಂಡು ವಾಪಸು ಬಂದ, ಬಾಗಿಲಲ್ಲಿ ನಿಂತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ, ಎಡಗಣ್ಣೊಂದೇ, ಬೆಳಕು ಕುಕ್ಕುತ್ತದೆ, ನಡುವೆ ಮಚ್ಚೆ ಇದೆ, ಇರಲಿ, ಚಿಕ್ಕದಾಗಿದ್ದೀಯ ಮಗನೇ, ಅದರ ಅಂಚಿನಾಚೆ ಕಿಟಕಿ, ಕುರ್ಚಿ, ಕುರ್ಚಿಯಲ್ಲಿ ಅಜ್ಜ, ಯಾರೂ ನೋಡುತ್ತಿಲ್ಲವೆಂದುಕೊಂಡಿದ್ದಾನೆ, ಅವನ ಕೈ, ಮಂಜು ಮಂಜಾಗಿ, ಆದರೂ ಕೈಯೇ, ಜೇಬಿಗೆ ಇಳಿಯುತ್ತಿರುವ ಕೈ, ಸರ್ರನೆ ಅಲ್ಲ, ನಿಧಾನವಾಗಿ, ಹುಡುಕುತ್ತಿರುವ ಕೈ, ಅದು ಕಾಣುತ್ತಿದೆ, ಈ ಕಣ್ಣಿಗೇ ಕಾಣುತ್ತಿದೆ, ಕೈ –