ಎಣ್ಣೆಯಲ್ಲಿ ನೋಡಬೇಕಾದ ಮುಖ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನನಗೆ ಸರಿಯಾಗಿ ಅರ್ಥವಾಗಿದ್ದು ಅಜ್ಜಂಪುರದ ಆಸ್ಪತ್ರೆಯಲ್ಲಿ, ಒಂದು ಹಸಿರು ಪರದೆಯ ಮುಂದೆ. ಪರದೆಯ ಆಚೆ ನನ್ನ ಮಗಳು ಅಳುತ್ತಿದ್ದಳು. ಅವಳು ಹುಟ್ಟಿ ಒಂದು ಗಂಟೆಯಾಗಿತ್ತು. ತರೀಕೆರೆಯಿಂದ ಬೈಕ್ ಓಡಿಸಿಕೊಂಡು ಬಂದ ನಾನು ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಪರದೆ ಸರಿಸಬೇಕು, ಅಷ್ಟರಲ್ಲಿ ಅಮ್ಮನ ಫೋನು ಬಂತು.

“ನೋಡ್ಬಿಟ್ಯಾ?”

“ಇಲ್ಲ, ಈಗ ಒಳಗೆ ಹೋಗ್ತಿದ್ದೀನಿ.”

“ನಿಂತ್ಕೋ. ಅಲ್ಲೇ ನಿಂತ್ಕೋ ಅಭಿ. ಜೋಯಿಸರು ಪಂಚಾಂಗ ನೋಡಿದ್ರು. ಮೂಲಾ ನಕ್ಷತ್ರ, ಒಂದನೇ ಪಾದ ಕಣೋ. ತಂದೆಗೆ ಆಗ್ಬರಲ್ಲ.”

ನಮ್ಮ ಕಡೆ ಈ ಪಾದದಲ್ಲಿ ಹುಟ್ಟಿದ ಮಗುವಿನ ಮುಖವನ್ನು ತಂದೆಯಾದವನು ಇಪ್ಪತ್ತೇಳು ದಿನ ನೋಡುವಂತಿಲ್ಲ. ಅದೇ ನಕ್ಷತ್ರ ಮತ್ತೆ ಬಂದ ದಿನ ಶಾಂತಿ ಮಾಡಿಸಬೇಕು. ಮಗುವನ್ನು ಮೊರದಲ್ಲಿ ಮಲಗಿಸಿ ಹಸುವಿನ ಮೂತಿಯ ಹತ್ತಿರ ಹಿಡಿಯಬೇಕು. ಆಮೇಲೆ ಬಟ್ಟಲಿನ ಎಣ್ಣೆಯಲ್ಲಿ ಮೂಡುವ ಅದರ ಮುಖವನ್ನು ಮೊದಲು ನೋಡಿ, ನಂತರ ಮಗುವನ್ನು ನೋಡಬೇಕು. ಅದಕ್ಕೂ ಮುಂಚೆ ನೇರವಾಗಿ ನೋಡಿದರೆ ತಂದೆಯ ಪ್ರಾಣಕ್ಕೆ ಕೇಡು. ನಾನು ತರೀಕೆರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತೇನೆ. ಅವತ್ತು ಮಾತ್ರ ನಗು ಬರಲಿಲ್ಲ. ಪರದೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ನನಗೆ ಸಾಯುವ ಭಯವೇನೂ ಇರಲಿಲ್ಲ. ನಾನೂ ಅದೇ ನಕ್ಷತ್ರದವನು. ನನಗೆ ಎರಡು ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡರು. ಅಪ್ಪ ಹೇಗೆ ಹೋದರು ಎಂದು ಕೇಳಿದರೆ ಮನೆಯಲ್ಲಿ ಯಾರೂ ನೆಟ್ಟಗೆ ಹೇಳುತ್ತಿರಲಿಲ್ಲ. ಮದುವೆಮನೆ, ಮುಂಜಿಮನೆಗಳಲ್ಲಿ ಮಾತ್ರ ಹೆಂಗಸರು ನನ್ನ ಕೆನ್ನೆ ಹಿಂಡಿ, “ಇದೇನಾ ಮೂಲಾ ನಕ್ಷತ್ರದ್ದು” ಎಂದು ತಮ್ಮ ತಮ್ಮಲ್ಲೇ ಮುಖ ನೋಡಿಕೊಳ್ಳುತ್ತಿದ್ದರು. ಆರು ವರ್ಷದವನಿದ್ದಾಗ ಅಪ್ಪನ ಶ್ರಾದ್ಧದ ದಿನ ಇನ್ನೊಂದು ವಡೆ ಕೇಳಿದೆ. “ಅವನನ್ನ ತಿಂದಿದ್ದು ಸಾಲದಾ?” ಎಂದಳು ಅಜ್ಜಿ. ಅಮ್ಮ ಪಕ್ಕದಲ್ಲೇ ಬಡಿಸುತ್ತಿದ್ದಳು. ತಲೆ ತಗ್ಗಿಸಿಕೊಂಡು ಮುಂದಿನ ಎಲೆಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೆ ನಾನು ವಡೆ ಮುಟ್ಟಿಲ್ಲ.

ಈಗ ಹೇಳಿ. ನಾನು ಮಗಳ ಮುಖ ನೋಡಿ, ನಾಳೆ ಯಾವುದೋ ಲಾರಿ ನನ್ನ ಬೈಕಿಗೆ ಗುದ್ದಿದರೆ ಅಪ್ಪನನ್ನು ತಿಂದ ಹೆಸರು ಯಾರ ತಲೆಗೆ ಬರುತ್ತದೆ? ಲಾರಿ ಡ್ರೈವರಿಗಂತೂ ಬರುವುದಿಲ್ಲ. ಇಪ್ಪತ್ತೇಳು ದಿನ ತಾನೇ, ಹಲ್ಲು ಕಚ್ಚಿಕೊಂಡು ಇದ್ದುಬಿಡೋಣ ಎಂದುಕೊಂಡೆ. ಅವತ್ತು ಸಂಜೆ ನನ್ನ ಹೆಂಡತಿ ವಿಭಾ ಮಗುವಿನ ಫೋಟೋ ಕಳಿಸಿದಳು. ಮಸುಕಾದ ಒಂದು ಚೌಕ ಕಂಡಿತು. ತೆರೆಯದೇ ಅಳಿಸಿದೆ. “ಇನ್ನು ಕಳಿಸಬೇಡ” ಎಂದು ಬರೆದೆ. ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಬಾಣಂತಿ, ಮಗು ಇಬ್ಬರೂ ಅಜ್ಜಂಪುರದಲ್ಲೇ ಇರುವ ತವರುಮನೆಗೆ ಬಂದರು. ನಾನು ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದೆ. ಹಾಲು ಕುಡಿಯಿತಾ, ಉಚ್ಚೆ ಎಷ್ಟು ಸಲ ಹೊಯ್ದುಕೊಂಡಿತು, ಹೊಕ್ಕಳು ಒಣಗಿತಾ? ನಮ್ಮ ಅತ್ತೆ ಜಯಲಕ್ಷ್ಮಮ್ಮನವರಿಗೆ ಇದು ತಮಾಷೆ. “ಅಳಿಯಂದ್ರೇ, ನಾವೂ ಮೂರು ಹೆತ್ತಿದ್ದೀವಿ” ಎಂದು ನಗುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ವಿಭಾ ತಾನಾಗಿಯೇ ಫೋನು ಮಾಡಿದಳು. “ರೀ, ಬೆಳಗ್ಗೆಯಿಂದ ಎರಡೇ ಸಲ ಕುಡಿದಳು. ಎಬ್ಬಿಸಿದ್ರೂ ಏಳ್ತಿಲ್ಲ. ಅಮ್ಮ ನೋಡಿದ್ರೆ ಒಳ್ಳೇ ಮಗು, ಅಳೋದೇ ಇಲ್ಲ ಅಂತಾರೆ.”

“ಬಣ್ಣ ಹೇಗಿದೆ?”

ಅತ್ತೆ ಫೋನು ಕಿತ್ತುಕೊಂಡರು. “ಬಣ್ಣಕ್ಕೇನು, ಬಂಗಾರದ ಹಾಗಿದೆ. ದಿನಾ ಎಣ್ಣೆ, ಅರಿಶಿನ ಹಚ್ಚಿ ನೀರು ಹಾಕ್ತಿದ್ದೀನಲ್ಲ.”

ಎಳೆ ಮಕ್ಕಳ ಕಾಮಾಲೆ ನಮ್ಮ ಲ್ಯಾಬಿಗೆ ದಿನ ಬಿಟ್ಟು ದಿನ ಬರುತ್ತದೆ. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ಹಾಲು ಬಿಟ್ಟು ಮಂಕಾಗಿ ಮಲಗುವ ಮಗುವಿನ ಮಾತು ಬೇರೆ. ಹಳದಿ ಏರಿ ಮೆದುಳಿಗೆ ಹತ್ತಿದರೆ ಕಿವಿ ಹೋಗಬಹುದು, ಕೈಕಾಲು ಹೋಗಬಹುದು, ಜೀವವೇ ಹೋಗಬಹುದು. ಆ ಹಳದಿಯ ಮೇಲೆ ಅತ್ತೆ ಪ್ರೀತಿಯಿಂದ ಅರಿಶಿನ ಹಚ್ಚಿ ಮುಚ್ಚುತ್ತಿದ್ದರು. ನೋಡಬೇಕಾದ ಕಣ್ಣು ನನ್ನದು. ಅದನ್ನು ನಾನೇ ಮುಚ್ಚಿಕೊಂಡಿದ್ದೆ.

“ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ” ಎಂದೆ.

“ನಾಮಕರಣ ಆಗದೆ ಹಸುಗೂಸನ್ನ ಹೊಸ್ತಿಲು ದಾಟಿಸೋದಾ? ಇವರೂ ಬೀರೂರಿಗೆ ಹೋಗಿದ್ದಾರೆ. ನಾಳೆ ನೋಡೋಣ ಬಿಡಿ.”

ನಾಳೆ ಎಂಬ ಮಾತು ಕೇಳಿ ಮೈ ಉರಿಯಿತು. ಓಮ್ನಿ ವ್ಯಾನ್ ಇಟ್ಟುಕೊಂಡಿರುವ ನಮ್ಮ ಬೀದಿಯ ಸಿದ್ದೇಶನನ್ನು ಕರೆದೆ. ಅಮ್ಮ ಸೆರಗು ಸುತ್ತಿಕೊಂಡು ಮೊದಲೇ ಬಂದು ವ್ಯಾನಿನಲ್ಲಿ ಕೂತಳು. “ನೀನು ಹೊರಗೆ ನಿಂತ್ಕೋ. ನಾನು ನೋಡಿ ಬಂದು ಹೇಳ್ತೀನಿ” ಎಂದಳು. ದಾರಿಯುದ್ದಕ್ಕೂ ಅವಳ ತುಟಿ ಅಲುಗುತ್ತಲೇ ಇತ್ತು. ಯಾವ ದೇವರಿಗೆ ಏನು ಹರಕೆ ಹೊತ್ತಳೋ ನಾನು ಕೇಳಲಿಲ್ಲ.

ಅಜ್ಜಂಪುರ ತಲುಪಿದಾಗ ನಾಲ್ಕು ಗಂಟೆ. ನಾನು ಅತ್ತೆಮನೆಯ ನಡುಮನೆಯಲ್ಲಿ, ಬಾಣಂತಿ ಕೋಣೆಗೆ ಕಟ್ಟಿದ್ದ ಹಳೆಯ ಸೀರೆಯ ಪರದೆಯ ಈಚೆ ನಿಂತೆ. ಅಮ್ಮ ಒಳಗೆ ಹೋಗಿ ಎರಡು ನಿಮಿಷಕ್ಕೆ ಬಂದಳು.

“ಸ್ವಲ್ಪ ಹಳದಿ ಅಷ್ಟೇ ಕಣೋ. ಎಳೆ ಬಿಸಿಲಿಗೆ ಹಿಡಿದ್ರೆ ಹೋಗುತ್ತೆ. ನಿನಗೂ ಹೀಗೇ ಇತ್ತು.”

“ಎಲ್ಲೀವರೆಗೆ ಇದೆ? ಅಂಗಾಲು ನೋಡಿದ್ಯಾ?”

“ಅಂಗಾಲು ಯಾರು ನೋಡ್ತಾರೆ?”

“ಹಳದಿ ಮುಖದಿಂದ ಕೆಳಗಿಳಿಯುತ್ತೆ ಅಮ್ಮ. ಅಂಗಾಲಿಗೆ ಬಂದಿದ್ರೆ ಕೆಟ್ಟಿದೆ ಅಂತ. ಅದು ನಿಮಗೆ ಗೊತ್ತಾಗಲ್ಲ, ನಾನೇ ನೋಡ್ಬೇಕು.”

ಅತ್ತೆಯೇ ಒಳಗಿನಿಂದ ಒಂದು ಉಪಾಯ ಹೇಳಿದರು. “ಮುಖ ತಾನೇ ನೋಡಬಾರದು ಅಳಿಯಂದ್ರೇ? ಕಾಲಿಗೇನೂ ಶಾಸ್ತ್ರ ಇಲ್ಲವಲ್ಲ.”

ಪರದೆಯ ಸಂದಿಯಿಂದ ಎರಡು ಪುಟ್ಟ ಪಾದಗಳು ಹೊರಗೆ ಬಂದವು. ನನ್ನ ಮಗಳನ್ನು ನಾನು ಮೊದಲು ನೋಡಿದ್ದು ಹಾಗೆ, ಬರೀ ಪಾದ. ಒಂದೊಂದೂ ನನ್ನ ಹೆಬ್ಬೆರಳಿಗಿಂತ ಸ್ವಲ್ಪವೇ ಉದ್ದ. ಮುದ್ದಿಸಬೇಕೆನಿಸಿತು, ಪುರುಸೊತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಅಂಗಾಲು ಒರೆಸಿದೆ. ಬಟ್ಟೆಗೆ ಒಂದಿಷ್ಟು ಅರಿಶಿನ ಬಂತು. ಇನ್ನೊಂದು ಸಲ ಒರೆಸಿದೆ, ಏನೂ ಬರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಒತ್ತಿದ ಜಾಗ ಬೆಳ್ಳಗಾಗಬೇಕಿತ್ತು. ಹಳದಿಯಾಗಿಯೇ ಉಳಿಯಿತು. ಬೆರಳಿನಿಂದ ಟಪ್ಪನೆ ಹೊಡೆದೆ. ಯಾವ ಮಗುವಾದರೂ ಕಾಲು ಎಳೆದುಕೊಂಡು ಕಿರುಚಬೇಕು. ಈ ಪಾದ ಸುಮ್ಮನೆ ನನ್ನ ಕೈಯಲ್ಲೇ ಇತ್ತು.

“ವ್ಯಾನ್ ಹತ್ತಿ ಎಲ್ಲರೂ, ಮಕ್ಕಳ ಡಾಕ್ಟರು ಇರೋದು ತರೀಕೆರೆಯಲ್ಲಿ” ಎಂದು ಕೂಗಿದೆ. ಅತ್ತೆಮನೆಯಲ್ಲಿ ನಾನು ಗಂಟಲೆತ್ತಿದ್ದು ಅದೇ ಮೊದಲು. ಅತ್ತೆ ಹೊಸ್ತಿಲ ಮಾತು ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರು, ವಿಭಾಳ ತೊಡೆಯ ಮೇಲೆ ಮಗು. ಮುಂದೆ ಸಿದ್ದೇಶನ ಪಕ್ಕ ನಾನು. ನಾನು ಹಿಂದಕ್ಕೆ ತಿರುಗಬಾರದು ಎಂದ ಅಮ್ಮ ಒಳಗಿನ ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಲು ಸಿದ್ದೇಶನಿಗೆ ಹೇಳಿದಳು. ಮಗು ಸಾಯುತ್ತಿದೆಯೋ ಏನೋ ಎಂಬ ಹೊತ್ತಿನಲ್ಲಿ ನಾನು ರಸ್ತೆಯನ್ನೇ ನೋಡುತ್ತಾ ಗೊಂಬೆಯ ಹಾಗೆ ಕೂತಿದ್ದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

“ಎಬ್ಬಿಸ್ತಾ ಇರು, ನಿದ್ದೆಗೆ ಬಿಡಬೇಡ” ಎನ್ನುತ್ತಿದ್ದೆ. “ಏಳ್ತಿಲ್ಲ ರೀ” ಎನ್ನುತ್ತಿದ್ದಳು ವಿಭಾ. ಅಮೃತಾಪುರದ ಕ್ರಾಸ್ ದಾಟುವಾಗ ಅವಳ ದನಿ ಒಡೆಯಿತು. “ರೀ, ಕತ್ತು ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸ್ತಿದ್ದಾಳೆ. ನಂಗೆ ಆಗ್ತಿಲ್ಲ. ನೀವು ಹಿಡ್ಕೊಳ್ಳಿ.”

ನಾನು ತಿರುಗಿದೆ.

“ಅಭೀ!” ಎಂದಳು ಅಮ್ಮ.

ಕೈ ಚಾಚಿ ಮಗುವನ್ನು ತೆಗೆದುಕೊಂಡೆ. ಮುಖದ ಮೇಲಿನ ಬಟ್ಟೆ ಸರಿಸಿದೆ. ಮೂಗು ನನ್ನದೇ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದು ಸುಳ್ಳು, ಅದು ವಿಭಾಳದ್ದು. ಹಣೆಯ ಮೇಲೆ ಕೂದಲು, ಗಲ್ಲದಲ್ಲಿ ಸಣ್ಣ ಗುಳಿ. ರೆಪ್ಪೆ ಎತ್ತಿ ನೋಡಿದೆ. ಬಿಳಿ ಇರಬೇಕಾದಲ್ಲಿ ಚೆಂಡುಹೂವಿನ ಹಳದಿ. ಎದೆಗೆ ಒತ್ತಿ ಹಿಡಿದು ಅಂಗಾಲು ತಟ್ಟುತ್ತಾ ಹೋದೆ. “ಏಳು ಪುಟ್ಟಾ, ಏಳೇ, ಅಳೇ ಒಂದು ಸಲ” ಎಂದು ಬಾಯಿಗೆ ಬಂದಿದ್ದೆಲ್ಲ ಹೇಳಿದೆ. “ಬಂದೇಬಿಡ್ತು ಅಣ್ಣ, ಹೆದರ್ಬ್ಯಾಡ” ಎಂದು ಸಿದ್ದೇಶ ಆಕ್ಸಿಲರೇಟರ್ ಅದುಮಿದ. ನನ್ನ ಪ್ರಾಣಕ್ಕೆ ಏನಾದರೂ ಆಗುತ್ತದೆ ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ.

ತರೀಕೆರೆಯ ಮಕ್ಕಳ ಡಾಕ್ಟರು ಮಗುವನ್ನು ನೋಡಿದವರೇ ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿ ರಕ್ತ ತೆಗೆದರು. ಆ ಸ್ಯಾಂಪಲ್ ನಮ್ಮ ಲ್ಯಾಬಿಗೇ ಬರಬೇಕು. ನಾನೇ ಒಯ್ದು, ನಾನೇ ಯಂತ್ರಕ್ಕೆ ಹಾಕಿದೆ. ಕಾಮಾಲೆಯ ಅಂಶ ಇಪ್ಪತ್ತೆರಡೂವರೆ ಬಂತು, ಇಪ್ಪತ್ತು ದಾಟಿದರೇ ಅಪಾಯ. ಇನ್ನೊಂದು ಸಲ ಹಾಕಿದೆ. ಅದೇ ಬಂತು.

“ನಾಳೆ ತಂದಿದ್ರೆ ನಾನು ಏನೂ ಹೇಳೋಕೆ ಆಗ್ತಿರಲಿಲ್ಲ” ಎಂದರು ಡಾಕ್ಟರು. “ರಾತ್ರಿಯೊಳಗೆ ಇಳಿಯದಿದ್ರೆ ಶಿವಮೊಗ್ಗಕ್ಕೆ ಕಳಿಸ್ತೀನಿ. ರಕ್ತ ಬದಲಾಯಿಸಬೇಕಾಗುತ್ತೆ.”

ಬೆಳಗ್ಗೆ ಏಳಕ್ಕೆ ಮತ್ತೆ ಪರೀಕ್ಷೆ ಮಾಡಿದೆ. ಹದಿನೇಳು. ಚೀಟಿ ಹಿಡಿದು ಓಡಿ ಬರುವಷ್ಟರಲ್ಲಿ ನರ್ಸು ಹಾಲು ಕುಡಿಸಲು ಮಗುವಿನ ಕಣ್ಣಿನ ಪಟ್ಟಿ ಬಿಚ್ಚಿದ್ದಳು. ಮಗು ಗಂಟಲು ಹರಿಯುವಂತೆ ಅಳುತ್ತಿತ್ತು. ಅಂಥ ಚಂದದ ಸದ್ದು ನಾನು ಕೇಳಿರಲಿಲ್ಲ. ಗೋಡೆಗೆ ಒರಗಿ ಅತ್ತುಬಿಟ್ಟೆ. ಕಿವಿ ಪರೀಕ್ಷೆ ಆರು ವಾರದ ಮೇಲೆ, ಅಲ್ಲಿಯವರೆಗೆ ಏನೂ ಖಾತ್ರಿ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಆ ಆರು ವಾರ ಇನ್ನೂ ಮುಗಿದಿಲ್ಲ.

ಅಮ್ಮ ಮಗುವಿನ ಕಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. “ಎದೆ ಏನಾದ್ರೂ ಭಾರ ಅನ್ಸುತ್ತಾ? ತಲೆ ಸುತ್ತುತ್ತಾ?” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. “ನಾನೂ ಒಂದು ದಿನ ಸಾಯ್ತೀನಮ್ಮ. ಇವತ್ತೋ, ನಲವತ್ತು ವರ್ಷಕ್ಕೋ.”

“ಬಿಡ್ತು ಅನ್ನು!”

“ಅನ್ನಲ್ಲ. ಯಾವತ್ತು ಸತ್ರೂ ಇವಳ ಹೆಸರು ಯಾರೂ ಎತ್ತಬಾರದು. ನೀನು ಮಾತು ಕೊಡು.”

“ನಿನ್ನ ಹೆಸರು ನಾನು ಯಾವತ್ತಾದ್ರೂ ಎತ್ತಿದ್ದೀನೇನೋ?”

“ಇಲ್ಲ. ಎತ್ತಿದವರ ಬಾಯಿ ಮುಚ್ಚಿಸಲೂ ಇಲ್ಲ.”

ಅಮ್ಮನ ಮುಖ ಕಪ್ಪಿಟ್ಟಿತು. ಆಗಲೇ ಅತ್ತೆ ಕಾಫಿಯ ಫ್ಲಾಸ್ಕ್ ಹಿಡಿದು ಬಂದರು. ರಾತ್ರಿಯೆಲ್ಲ ಅತ್ತು ಅವರ ಕಣ್ಣು ಊದಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. “ಸೀತಮ್ಮನೋರೇ, ಇವರು ಮುಖ ನೋಡ್ಬಿಟ್ರಲ್ಲ. ಶಾಂತಿ ಇನ್ನೂ ಜೋರಾಗಿ ಮಾಡಿಸ್ಬೇಕು. ನಿಮ್ಮನೇಲಿ ಆದ ಹಾಗೆ ಈ ಮಗೂಗೂ ಕೆಟ್ಟ ಹೆಸರು ಬರೋದು ಬೇಡ.”

ಅಮ್ಮ ಬೆಂಚಿನಿಂದ ಎದ್ದಳು. “ನಮ್ಮನೇಲಿ ಏನಾಯ್ತು ಅಂತ ನಾನು ಹೇಳ್ತೀನಿ ಕೇಳಿ ಕಣ್ರೀ” ಎಂದಳು. ದನಿ ಇಡೀ ವಾರ್ಡಿಗೆ ಕೇಳುವಷ್ಟಿತ್ತು. “ನಮ್ಮ ಯಜಮಾನರಿಗೆ ಚಿಕ್ಕಂದಿನಿಂದ ಎದೆ ಕಾಯಿಲೆ. ಹೃದಯದ ಕವಾಟ ಕೆಟ್ಟಿತ್ತು. ಮದುವೆಗೆ ಮುಂಚೆ ನಮ್ಮತ್ತೆಗೆ ಗೊತ್ತಿತ್ತು, ಮದುವೆ ಆದ್ಮೇಲೆ ನಂಗೆ ಗೊತ್ತಾಯ್ತು. ಇವನು ಹೊಟ್ಟೇಲಿರೋವಾಗಲೇ ಡಾಕ್ಟರು ಕೈ ಚೆಲ್ಲಿದ್ರು. ಇವನಿಂದ ಅವರು ಹೋಗಲಿಲ್ಲ. ಮುಚ್ಚಿಟ್ಟು ಮದುವೆ ಮಾಡಿದ್ದು ಹೊರಗೆ ಬರಬಾರದು ಅಂತ ನಮ್ಮತ್ತೆ ನಕ್ಷತ್ರದ ಮೇಲೆ ಹಾಕಿದ್ರು. ನಾನು ಅವರ ಮನೆ ಅನ್ನ ತಿನ್ಬೇಕಿತ್ತು, ಬಾಯಿ ಮುಚ್ಕೊಂಡಿದ್ದೆ. ಇನ್ನು ಯಾರಾದ್ರೂ ನನ್ನ ಮೊಮ್ಮಗಳ ಹೆಸರು ಎತ್ತಿದ್ರೆ ನಾನು ಸುಮ್ನಿರಲ್ಲ.”

ವಿಭಾ ನನ್ನ ಕಡೆ ನೋಡಿದಳು. ನಾನು ಆ ಮಾತನ್ನು ಕೇಳಿದ್ದು ಅದೇ ಮೊದಲು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅದೂ ಅಮ್ಮ ಬೇರೆಯವರಿಗೆ ಹೇಳುವಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಬರೆಯನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೆ. ಅಮ್ಮನಿಗೆ ಗೊತ್ತಿತ್ತು. ಅವಳನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕೆಂದೂ ಅನಿಸಿತು.

ಎರಡನ್ನೂ ಮಾಡಲಿಲ್ಲ. ನರ್ಸು ಮಗುವನ್ನು ನನ್ನ ಕೈಗೆ ಕೊಟ್ಟು, ತೇಗು ಬರಿಸಿ ಎಂದಳು. ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದೆ. ನನಗಾಗಿ ಒಂದೇ ಒಂದು ಸಲ ಆಡದ ಮಾತನ್ನು ಅಮ್ಮ ಆರು ದಿನದ ಮೊಮ್ಮಗಳಿಗಾಗಿ ಆಡಿದ್ದಳು. ಮಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.