ಎಸೆಯದ ಟವೆಲ್

“ನೀವು ಕೈ ಹಾಕ್ಬೇಡಿ, ಭಾವ.”

ಸ್ಟ್ರೆಚರಿನ ತಲೆಯ ಕಡೆ ಹಿಡಿದು ಎತ್ತಲು ಬಗ್ಗಿದ್ದ ಅಣ್ಣ ಕೆಂಡ ಮುಟ್ಟಿದವನಂತೆ ಕೈ ತೆಗೆದ. ಮೂರನೇ ಮಹಡಿಯ ಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಮಾತು ಕಡ್ಡಿ ಮುರಿದಂತಿತ್ತು. ಒಂಬತ್ತು ವರ್ಷಗಳಲ್ಲಿ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು.

ಹಾಸಿಗೆ ಕಾರ್ಖಾನೆಯ ಇಬ್ಬರು, ಹಳೆಯ ಫೈಟರುಗಳಿಬ್ಬರು ಸೇರಿ ತಮ್ಮನನ್ನು ಎತ್ತಿಕೊಂಡರು. ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಸುವಂತಿರಲಿಲ್ಲ, ಮೆಟ್ಟಿಲುಗಳೋ ಇಕ್ಕಟ್ಟು. ಅಣ್ಣ ಅವರಿಗೆ ಎದುರಾಗಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. ಕೈಗೆ ಕೆಲಸವಿರದಿದ್ದರೂ ಬಾಯಿ ಕೇಳಬೇಕಲ್ಲ. ಮೂವತ್ತು ವರ್ಷ ಕೋಚ್ ಆಗಿದ್ದವನ ಬಾಯಿ.

“ಎಡಕ್ಕೆ... ಮಂಡಿ ಬಗ್ಗಿಸಿ, ಸೊಂಟ ಬಗ್ಗಿಸ್ಬೇಡಿ... ಉಸಿರು ಬಿಡಿ...”

“ಗುರುಗಳೇ, ಹೆಣ ಹೊರೋವಾಗ್ಲೂ ಟ್ರೇನಿಂಗಾ?” ಎಂದ ಬೋಳುತಲೆಯ ಫೈಟರು ಏದುಸಿರಿನಲ್ಲೇ. ಮೊದಲು ಯಾರೂ ನಗಲಿಲ್ಲ. ಮುಂದಿನ ತಿರುವಿಗೆ ಬಂದಾಗ ಎಲ್ಲರೂ ಒಟ್ಟಿಗೆ ನಕ್ಕರು, ಆಮೇಲೆ ಒಟ್ಟಿಗೆ ಸುಮ್ಮನಾದರು.

ಕೆಳಗೆ ಶವವಾಹನ ಕಾಯುತ್ತಿತ್ತು. ಮುಂಗಾಜಿಗೆ ಒರಗಿಸಿದ್ದ ಫೋಟೋ ಡ್ರೈವಿಂಗ್ ಲೈಸೆನ್ಸಿನದು. ಹಿಗ್ಗಿಸಿ ಹಿಗ್ಗಿಸಿ ಮಸುಕಾಗಿತ್ತು. ಬೇರೆ ಯಾವ ಫೋಟೋದಲ್ಲೂ ಮುಖ ನೆಟ್ಟಗಿರಲಿಲ್ಲ. ಮದುವೆಯ ಫೋಟೋದಲ್ಲೂ ಎಡಗಣ್ಣು ಬದನೆಕಾಯಿಯಂತೆ ಊದಿಕೊಂಡಿತ್ತು.

“ಇವನನ್ನ ನಾನು ಎರಡು ಸಲ ಸೋಲಿಸಿದೀನಿ,” ಎಂದು ಬೋಳ ಬೆವರೊರೆಸುತ್ತ ಸುತ್ತ ನಿಂತವರಿಗೆ ಹೇಳಿದ. “ಆದ್ರೆ ಆ ಕೊನೇ ಫೈಟಲ್ಲಿ ಇವನು ಮಾಡಿದ್ದು ಏಳು ಜನ್ಮಕ್ಕೂ ನನ್ನ ಕೈಲಾಗಲ್ಲ. ಮುಖ ಜಜ್ಜಿಹೋಗಿದೆ. ಗುರುಗಳು ಟವೆಲ್ ಎತ್ತಿದಾರೆ. ಎಸೆದ್ರೆ ಆಟ ಮುಗೀತು, ಸೋತ್ರೂ ಬದುಕಿ ಮನೆಗೆ ಹೋಗ್ಬಹುದು. ಇವನು ಏನ್ ಮಾಡ್ದ? ಬೇಡ ಅಂತ ತಲೆ ಅಲ್ಲಾಡಿಸ್ದ! ಹೌದಲ್ವಾ ಗುರುಗಳೇ?”

ಎಲ್ಲರ ಕಣ್ಣೂ ಅಣ್ಣನ ಮೇಲೆ ಬಿತ್ತು.

“ಹ್ಞೂಂ,” ಎಂದ ಅಣ್ಣ.

ವಾಹನದ ಹಿಂಬಾಗಿಲು ಹಿಡಿದು ನಿಂತಿದ್ದ ತಮ್ಮನ ಮಗಳು ಮುಖ ಆಚೆಗೆ ತಿರುಗಿಸಿದಳು.

*

ಕುಸ್ತಿ, ಬಾಕ್ಸಿಂಗು, ಒದೆತ ಎಲ್ಲವನ್ನೂ ಸೇರಿಸಿ ಪಂಜರದೊಳಗೆ ಆಡುವ ಕಾದಾಟ ತಮ್ಮನ ಕಸುಬು. ಹೊಟ್ಟೆಪಾಡಿಗೆ ಹಗಲು ಹಾಸಿಗೆ ಕಾರ್ಖಾನೆಯಲ್ಲಿ ಹಾಸಿಗೆ ಹೊರುತ್ತಿದ್ದ. ಒಟ್ಟು ಮೂವತ್ತೊಂದು ಫೈಟು; ಗೆದ್ದದ್ದು ಒಂಬತ್ತು. ಯಾರದೋ ಮಂಡಿ ಉಳುಕಿತು, ಯಾರದೋ ತೂಕ ಇಳಿಯಲಿಲ್ಲ ಎಂದಾಗ ಸಂಘಟಕರು ಅಣ್ಣನಿಗೆ ಫೋನು ಮಾಡುತ್ತಿದ್ದರು: “ನಾಲ್ಕು ದಿನ ಇದೆ. ತಮ್ಮನ್ನ ಇಳಿಸ್ತೀರಾ?” ಅಣ್ಣ ಒಮ್ಮೆಯೂ ಇಲ್ಲ ಎಂದವನಲ್ಲ. ಹಾಗೆ ತಮ್ಮನಿಗೆ ‘ಬದಲಿ’ ಎಂಬ ಹೆಸರು ಅಂಟಿತು. ಪೋಸ್ಟರು ಆಗಲೇ ಅಚ್ಚಾಗಿರುತ್ತಿದ್ದುದರಿಂದ ಅವನ ಮುಖ ಯಾವ ಗೋಡೆಯ ಮೇಲೂ ಬರಲಿಲ್ಲ.

“ಒಳ್ಳೇದೇ ಆಯ್ತು ಬಿಡು,” ಎನ್ನುತ್ತಿದ್ದ. “ಒದೆ ತಿನ್ನೋದು ಪೋಸ್ಟರಲ್ಲಿರೋನು. ಮನೆಗೆ ಹೋಗೋದು ನಾನು.”

ಮನೆಗೆ ಹೋದರೆ ಮಗಳು ಕಾಯುತ್ತಿದ್ದಳು. ಅವಳ ಮುಂದೆ ಗೋಡೆಗೊರಗಿ ಕೂತು, ಹುಬ್ಬಿಗೆ, ಗಲ್ಲಕ್ಕೆ, ಏನೂ ಆಗಿರದ ಮೂಗಿಗೂ ಅವಳು ಪ್ಲಾಸ್ಟರು ಅಂಟಿಸುವವರೆಗೆ ಅಲ್ಲಾಡುತ್ತಿರಲಿಲ್ಲ. “ಡಾಕ್ಟರಮ್ಮಾ, ಬದುಕ್ತೀನಾ?” ಎಂದರೆ ಅವಳು ಗಂಭೀರವಾಗಿ, “ನಾಳೆ ಹೇಳ್ತೀನಿ,” ಎನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ, ಫೈಟರಾಗಲು ಹುಟ್ಟಿದವನು ಅಣ್ಣ. ಇಪ್ಪತ್ತೆರಡಕ್ಕೇ ಮಂಡಿ ಮುರಿದು ಮೂಲೆ ಸೇರಿದ್ದ. ತಮ್ಮನಿಗೆ ಅಣ್ಣ ಹೇಳಿದ್ದೇ ವೇದವಾಕ್ಯ. ಮೂವತ್ತೆಂಟರ ವಯಸ್ಸಿನಲ್ಲಿ, ಗಾಯಗೊಂಡ ಯಾವನದೋ ಬದಲಿಗೆ, ಮೊದಲ ಬಾರಿಗೆ ಚಾಂಪಿಯನ್ ಬೆಲ್ಟಿನ ಫೈಟು ಅವನ ಪಾಲಿಗೆ ಬಂತು. “ಸಾಕು ಅನ್ಸುತ್ತೆ ಕಣಣ್ಣ, ಇತ್ತೀಚೆಗೆ ತಲೆನೋವು ಜಾಸ್ತಿ,” ಎಂದಿದ್ದ ತಮ್ಮ. “ಇದೊಂದು,” ಎಂದಿದ್ದ ಅಣ್ಣ.

*

ವಿದ್ಯುತ್ ಚಿತಾಗಾರದಲ್ಲಿ ಅವರಿಗಿಂತ ಮೊದಲು ಬಂದವರಿದ್ದರು. ಅರ್ಧ ಗಂಟೆ ಕಾಯಬೇಕೆಂದು ಸಿಬ್ಬಂದಿ ಹೇಳಿದ. ಜನ ನೆರಳು ಹುಡುಕಿ ಚದುರಿದರು. ಅಣ್ಣ ನೀರಿನ ನಲ್ಲಿಯ ಪಕ್ಕದ ಸಿಮೆಂಟು ಬೆಂಚಿನ ತುದಿಯಲ್ಲಿ ಕೂತ. ತಮ್ಮನ ಮಗಳು ಬಂದು ಇನ್ನೊಂದು ತುದಿಯಲ್ಲಿ ಕೂತಳು. ಈಗ ಅವಳಿಗೆ ಇಪ್ಪತ್ತೆರಡು. ಆ ಕೊನೆಯ ಫೈಟಿನ ನಂತರದ ಒಂಬತ್ತು ವರ್ಷಗಳಲ್ಲಿ, ಸಂಜೆ ಹೊತ್ತು ಅಪ್ಪನ ಕೈ ಹಿಡಿದು ನಡೆಸುವಾಗ ರಸ್ತೆಯಾಚೆ ನಿಂತ ದೊಡ್ಡಪ್ಪನನ್ನು ಎಷ್ಟೋ ಸಲ ಕಂಡಿದ್ದಳು. ಅವನು ಕೈ ಎತ್ತಿದರೆ ಅಪ್ಪನೂ ಎತ್ತುತ್ತಿದ್ದ. ಅಪ್ಪ ಬಸ್ಸಿಗೂ ಹಾಗೇ ಕೈ ಎತ್ತುತ್ತಿದ್ದ.

“ದೊಡ್ಡಪ್ಪ, ಒಂದು ಕೇಳ್ಲಾ? ಅವತ್ತು ಬೇಡ ಅಂತ ತಲೆ ಅಲ್ಲಾಡಿಸ್ದಾಗ, ನಾನೂ ಅಮ್ಮನೂ ಮನೇಲಿ ಕಾಯ್ತಿದೀವಿ ಅಂತ ಅಪ್ಪನಿಗೆ ನೆನಪಿತ್ತಾ?”

ಅಣ್ಣ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದ.

“ಎಲ್ರೂ ಹುಲಿ, ಸಿಂಹ ಅಂತಾರೆ. ಸ್ನಾನ ಮಾಡಿಸ್ತಿದ್ದೋಳು ನಾನು. ಚಮಚ ಹಿಡಿಯೋದು ದಿನಾ ಹೊಸದಾಗಿ ಕಲಿಸ್ಬೇಕಿತ್ತು. ಪ್ರತಿಸಲ ಮನಸ್ಸಲ್ಲೇ ಬೈತಿದ್ದೆ, ನಮ್ಮನ್ನ ಬಿಟ್ಟು ಅದನ್ನ ಆರಿಸ್ಕೊಂಡೆ ನೀನು ಅಂತ. ಹೋದ ವಾರ...” ಅವಳ ದನಿ ಒಡೆಯಿತು. “ಹೋದ ವಾರ ಬಟ್ಟೆ ಒದ್ದೆ ಮಾಡ್ಕೊಂಡಾಗ ಬಾಯಿಬಿಟ್ಟೇ ಅಂದ್ಬಿಟ್ಟೆ. ಎಲ್ಲಾ ನೀನೇ ಮಾಡ್ಕೊಂಡಿದ್ದು ಅಂತ. ಅಪ್ಪ ‘ಹೌದಾ?’ ಅಂದ್ರು. ‘ತಪ್ಪಾಯ್ತು’ ಅಂದ್ರು.”

*

ಅವತ್ತಿನ ಐದನೇ ಸುತ್ತು, ಕೊನೆಯ ಸುತ್ತು. ಅಂಕಗಳಲ್ಲಿ ತಮ್ಮ ಮುಂದಿದ್ದ. ಬೀಳದೆ ನಿಂತರೆ ಬೆಲ್ಟು ಅವನದೇ. ಆದರೆ ಎದುರಾಳಿಯ ಮೊಣಕೈ ಏಟುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ರೆಫರಿ ಎರಡು ಸಲ ಅಣ್ಣನತ್ತ ನೋಡಿದ. ಅಣ್ಣ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. ಗಡಿಯಾರ ನೋಡಿದ. ಇನ್ನು ನಲವತ್ತು ಸೆಕೆಂಡು.

ಆಗ ತಮ್ಮ ಪಂಜರಕ್ಕೆ ಒರಗಿ ಮುಖ ಈ ಕಡೆ ತಿರುಗಿಸಿದ. ಎರಡು ಕಣ್ಣೂ ಊದಿ ಮುಚ್ಚಿಹೋಗಿದ್ದವು. ರೆಪ್ಪೆಗಳ ಮೇಲೆ ರಕ್ತ ಇಳಿಯುತ್ತಿತ್ತು. ನೊಣ ಕೊಡವುವ ದನದಂತೆ ತಲೆ ಕೊಡವಿದ, ಅಷ್ಟೇ. ಅಣ್ಣ ಟವೆಲನ್ನು ಮುಷ್ಟಿಯೊಳಗೆ ಉಂಡೆ ಮಾಡಿ ಹಿಡಿದ.

ಹನ್ನೊಂದು ಸೆಕೆಂಡು ಉಳಿದಿರುವಾಗ ತಮ್ಮ ಬಿದ್ದ.

ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮನ ಹೆಂಡತಿ ಅಣ್ಣನ ಅಂಗಿ ಹಿಡಿದು, “ಟವೆಲ್ ಯಾಕೆ ಎಸೀಲಿಲ್ಲ ಭಾವ?” ಎಂದು ಕೇಳಿದಾಗ, “ಅವನೇ ಬೇಡ ಅಂತ ತಲೆ ಅಲ್ಲಾಡಿಸ್ದ,” ಎಂಬ ಮಾತು ಬಾಯಿಗೆ ಬಂತು. ಬಂದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಬಾಯಿಂದ ಬಾಯಿಗೆ ಹೋಗಿ ತಮ್ಮನ ಪಾಲಿನ ಒಂದೇ ಒಂದು ಹೊಗಳಿಕೆಯಾಯಿತು.

*

“ನೋಡು ಮಗಳೇ,” ಎಂದ ಅಣ್ಣ. ನೆಲ ನೋಡುತ್ತಲೇ ಹೇಳಿದ. “ನಿಮ್ಮಪ್ಪ ಏನನ್ನೂ ಆರಿಸ್ಕೊಳ್ಳಲಿಲ್ಲ. ಅವನಿಗೆ ಕಣ್ಣೇ ಕಾಣ್ತಿರ್ಲಿಲ್ಲ. ನಾನು ಎಲ್ಲಿದೀನಿ, ಕೈಲಿ ಏನಿದೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ. ಕಣ್ಣಿಗಿಳಿದ ರಕ್ತ ಕೊಡವ್ಕೊಂಡ. ಬೇಡ ಅಂದಿದ್ದು ನಾನು. ಬೆಲ್ಟು ಬೇಕಾಗಿದ್ದದ್ದು ನಂಗೆ.”

ಅವಳು ಎದ್ದು ಅವನೆದುರು ನಿಂತಳು. ಹೊಡೆಯುತ್ತಾಳೆಂದುಕೊಂಡ, ಹೊಡೆದಿದ್ದರೆ ಹಗುರಾಗುತ್ತಿತ್ತು.

“ಅಮ್ಮನಿಗೆ ಹೇಳಿ,” ಎಂದಳು. “ನೀವೇ ಹೇಳಿ.”

ಅವನು ಎದ್ದು, ಮುರಿದ ಮಂಡಿಯ ಕಾಲನ್ನು ಎಳೆಯುತ್ತ ವಾಹನದ ಬಳಿಗೆ ಹೋದ. ತಮ್ಮನ ಹೆಂಡತಿ ಸ್ಟ್ರೆಚರಿನ ಪಕ್ಕದ ಮರದ ಹಲಗೆಯ ಮೇಲೆ ಒಬ್ಬಳೇ ಕೂತಿದ್ದಳು. ಬಾಗಿಲಲ್ಲಿ ನಿಂತು ಅಷ್ಟನ್ನೂ ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಗಿತ್ತು.

ಅವಳು ತಲೆಯೆತ್ತಲಿಲ್ಲ. “ಆ ಕಣ್ಣಿಗೆ ಹತ್ತು ದಿನ ಹತ್ತಿ ಒತ್ತಿ ಒರೆಸಿದೋಳು ನಾನು. ಎಂಟನೇ ದಿನಕ್ಕೆ ರೆಪ್ಪೆ ಒಂದು ಸೀಳಿನಷ್ಟು ತೆರೀತು. ಅಂಥೋನು ಯಾರನ್ನ ನೋಡಿ ತಲೆ ಅಲ್ಲಾಡಿಸ್ತಾನೆ ಭಾವ? ನಂಗೆ ಅವತ್ತೇ ಗೊತ್ತಿತ್ತು.”

“ಮತ್ತೆ ಯಾಕೆ...”

“ಅವರಿಗೆ ಇದ್ದದ್ದು ಅದೊಂದೇ ಒಳ್ಳೇ ಮಾತು. ಅದನ್ನ ನಾನು ಹೇಗೆ ಕಿತ್ಕೊಳ್ಳಲಿ?” ಗಂಡನ ಮೇಲಿನ ಬಿಳಿ ಬಟ್ಟೆಯ ಮಡಿಕೆಯನ್ನು ಅವಳು ಅಂಗೈಯಿಂದ ಸರಿಮಾಡಿದಳು. “ನೀವಾಗಿ ಹೇಳ್ತೀರಿ ಅಂತ ಕಾದೆ. ಅವರಿರೋವಾಗ ಹೇಳ್ಬೇಕಿತ್ತು.”

ಅವನು ಬಾಗಿಲ ಕಂಬಿ ಹಿಡಿದು ನಿಂತೇ ಇದ್ದ. ಒಳಗೆ ಬಾ ಎಂದು ಅವಳು ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಅವರ ಸರದಿ ಬಂತು. ತಮ್ಮನನ್ನು ಕಬ್ಬಿಣದ ಹಳಿಗಳ ಮೇಲಿನ ತಟ್ಟೆಗೆ ಇಳಿಸಿದರು. ಖಾಕಿ ಅಂಗಿಯ ಸಿಬ್ಬಂದಿ ಸ್ವಿಚ್ಚಿನ ಪೆಟ್ಟಿಗೆಯ ಮುಚ್ಚಳ ತೆರೆದು, “ನೋಡೋರು ನೋಡ್ಕೊಳ್ಳಿ. ಒಂದು ನಿಮಿಷ,” ಎಂದ.

ಎರಡು ಸುತ್ತುಗಳ ನಡುವೆ ಸಿಗುವುದೂ ಒಂದೇ ನಿಮಿಷ. ಇಪ್ಪತ್ತು ವರ್ಷ ಅಣ್ಣ ಆ ನಿಮಿಷದೊಳಗೆ ತಮ್ಮನ ಬಾಯಿಗೆ ನೀರು ಹಾಕಿ, ಕತ್ತಿಗೆ ಐಸು ಒತ್ತಿ, ಕಿವಿಗೆ ಬಾಯಿಟ್ಟು ಹೇಳುವುದನ್ನೆಲ್ಲ ಹೇಳಿ ಮುಗಿಸುತ್ತಿದ್ದ. ಈಗ ಅವನು ಹತ್ತಿರ ಹೋಗಲಿಲ್ಲ.

ಮಗಳು ಹೋದಳು. ಹಳಿಗಳ ಪಕ್ಕ ಮಂಡಿಯೂರಿದಳು. ಏಟು ತಿಂದು ತಿಂದು ಹೂಕೋಸಿನಂತೆ ಮುರುಟಿಹೋಗಿದ್ದ ಅಪ್ಪನ ಕಿವಿಗೆ ತುಟಿ ತಾಗಿಸಿ ಏನೋ ಹೇಳತೊಡಗಿದಳು. ಏನೆಂದು ಯಾರಿಗೂ ಕೇಳಿಸಲಿಲ್ಲ. ನಡುವೆ ಒಮ್ಮೆ ನಿಲ್ಲಿಸಿ, ಮೂಗೊರೆಸಿಕೊಂಡು, ಮತ್ತೆ ಬಗ್ಗಿದಳು. ನಿಮಿಷ ಆಯಿತು. ಇನ್ನೊಂದೂ ಆಯಿತು. ಸಿಬ್ಬಂದಿ ಕೆಮ್ಮಿ, ಸ್ವಿಚ್ಚಿನತ್ತ ಕೈ ಚಾಚಿದ.

ಅಣ್ಣ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. ಅವಳು ಎದ್ದು ನಿಲ್ಲುವವರೆಗೂ ಬಿಡಲಿಲ್ಲ.