ಫರಸಿಯ ಮೇಲಿನ ಕಂಪ್ಯೂಟರು

ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಗಣಿ ಆಫೀಸಿನಲ್ಲಿ ನಾನು ನಾಲ್ಕು ವರ್ಷ ಟೈಪಿಸ್ಟ್ ಆಗಿದ್ದೆ. ನಾಲ್ಕೂ ವರ್ಷ ಟೆಂಪರರಿ. ಮೂರು ತಿಂಗಳಿಗೊಮ್ಮೆ ‘ಅನಸುಬಾಯಿ ಇವರನ್ನು ಮುಂದಿನ ಮೂರು ತಿಂಗಳು ಮುಂದುವರಿಸಲಾಗಿದೆ’ ಎಂಬ ಆರ್ಡರನ್ನು ನಾನೇ ಟೈಪ್ ಮಾಡಿ, ನಾನೇ ಸಾಹೇಬರ ಮುಂದೆ ಸಹಿಗೆ ಇಡಬೇಕಾಗಿತ್ತು. ತನ್ನ ಹಣೆಬರಹವನ್ನು ತಾನೇ ಎರಡು ಕಾರ್ಬನ್ ಹಾಕಿ ಟೈಪ್ ಮಾಡುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ ಹೇಳಿ.

1988ರ ಮಾರ್ಚ್ ತಿಂಗಳಲ್ಲಿ ಹೈದರಾಬಾದಿನಿಂದ ಜೀಪಿನಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಬಂತು. ಒಳಗೆ ಕಂಪ್ಯೂಟರ್. ಅದಕ್ಕಾಗಿ ಒಂದು ಕೋಣೆ ಖಾಲಿ ಮಾಡಿಸಿ, ಗಾಜಿನ ಬಾಗಿಲು ಹಚ್ಚಿ, ಏಸಿ ಕೂರಿಸಿದರು. ಹೊರಗೆ ಬಿಸಿಲಲ್ಲಿ ಕಲ್ಲು ಒಡೆಯುವವರಿಗೆ ಒಂದು ತಟ್ಟಿಯ ನೆರಳಿರಲಿಲ್ಲ. ಯಂತ್ರಕ್ಕೆ ಮಾತ್ರ ಸೆಕೆ ತಡೆಯುವುದಿಲ್ಲವಂತೆ. ನನಗೆ ಅದನ್ನು ನೋಡುವ ಮೊದಲೇ ಅದರ ಮೇಲೆ ಸಿಟ್ಟು ಬಂದಿತ್ತು.

ಗಣಿ ಇಂಜಿನಿಯರ್ ಸೂರ್ಯಕಾಂತ ಸಾಹೇಬರು ನನ್ನನ್ನೂ ಇನ್ನೊಬ್ಬ ಟೆಂಪರರಿ ಟೈಪಿಸ್ಟ್ ರಾಮಲಿಂಗನನ್ನೂ ಕರೆದು ಹೇಳಿದರು: ಇನ್ನು ಮುಂದೆ ಆಫೀಸಿನಲ್ಲಿ ಇಬ್ಬರು ಟೈಪಿಸ್ಟ್‌ಗಳು ಬೇಡ, ಒಬ್ಬ ಕಂಪ್ಯೂಟರ್ ಆಪರೇಟರ್ ಸಾಕು, ಆ ಜಾಗ ಪರ್ಮನೆಂಟ್, ಒಂದು ತಿಂಗಳ ನಂತರ ಪರೀಕ್ಷೆ, ಸೋತವರಿಗೆ ಮುಂದಿನ ಆರ್ಡರ್ ಬರುವುದಿಲ್ಲ. ಅಲ್ಲಿಯವರೆಗೆ ಯಂತ್ರದ ಕೋಣೆಗೆ ಯಾರೂ ಕಾಲಿಡುವ ಹಾಗಿಲ್ಲ.

ರಾಮಲಿಂಗ ಅದೇ ಸಂಜೆ ಒಂದು ತಿಂಗಳ ರಜೆಗೆ ಅರ್ಜಿ ಕೊಟ್ಟು ಹೈದರಾಬಾದಿನ ಅಕ್ಕನ ಮನೆಗೆ ಹೋದ. ಅಲ್ಲಿ ಖರೇ ಕಂಪ್ಯೂಟರ್ ಇರುವ ಕ್ಲಾಸು ಇತ್ತು. ಮರುದಿನ ನಾನು ರಜೆ ಕೇಳಿದರೆ, ಇಬ್ಬರಿಗೂ ಕೊಟ್ಟರೆ ಆಫೀಸು ನಡೆಸುವವರು ಯಾರು ಎಂದರು ಸಾಹೇಬರು. ಮೊದಲು ಅರ್ಜಿ ಬರೆದವನು ಜಾಣ, ಎರಡನೆಯವಳು ಗೊಣಗುವವಳು. ಗೊಣಗುತ್ತಲೇ ಸಂಜೆ ಪ್ಯಾಸೆಂಜರ್ ಹತ್ತಿ ಶಹಾಬಾದಕ್ಕೆ ಬಂದೆ.

ಶಹಾಬಾದ ನನ್ನ ಊರು. ಅಪ್ಪ ಅಲ್ಲಿನ ಕಲ್ಲಿನ ಯಾರ್ಡಿನಲ್ಲಿ ನೆಲಕ್ಕೆ ಹಾಸುವ ಫರಸಿಗೆ ಪಾಲಿಶ್ ಮಾಡುತ್ತಿದ್ದ. ನಮ್ಮ ಓಣಿಯಲ್ಲೇ ಅಬ್ದುಲ್ ಮಜೀದ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಾನು ಟೈಪಿಂಗ್ ಕಲಿತದ್ದೂ ಅಲ್ಲೇ. ಈ ಸಲ ಹೋದಾಗ ಬೋರ್ಡಿನ ಕೆಳಗೆ ಹೊಸ ಬಣ್ಣದಲ್ಲಿ ‘ಕಂಪ್ಯೂಟರ್ ಕ್ಲಾಸ್’ ಎಂದು ಬರೆಸಿದ್ದರು. ನನಗೆ ದೇವರೇ ಸಿಕ್ಕಷ್ಟು ಸಂತೋಷವಾಯಿತು. ಒಳಗೆ ಹೋಗಿ ಎಲ್ಲ ಮೂಲೆ ನೋಡಿದೆ. ಹಳೆಯ ಎಂಟು ಟೈಪ್‌ರೈಟರುಗಳು ಬಿಟ್ಟರೆ ಏನೂ ಇರಲಿಲ್ಲ.

“ಕಂಪ್ಯೂಟರ್ ಎಲ್ಲದ್ರಿ, ಮಾಸ್ತರ್?” ಎಂದು ಕೇಳಿದೆ.

“ಮಷೀನ್ ಆಮ್ಯಾಲ ಬರ್ತದ, ಬೇಟಾ. ಮೊದಲ ಅದರ ಒಳಗಿನ ದಾರಿ ಗೊತ್ತಿರ್ಬೇಕು. ನಾಳಿಂದ ಬಾ,” ಎಂದರು ಮಾಸ್ತರು.

ಅವರು ಹೈದರಾಬಾದಿನಲ್ಲಿ ಮೂರು ದಿನದ ಶಿಬಿರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಕೊಟ್ಟ ಝೆರಾಕ್ಸ್ ಪುಸ್ತಕ ಅವರ ಕೈಯಲ್ಲಿತ್ತು. ಬೇರೆ ದಾರಿ ಇರಲಿಲ್ಲ. ಮರುದಿನದಿಂದ ಆಫೀಸು ಬಿಟ್ಟ ಮೇಲೆ ದಿನಾ ಹೋದೆ.

ಕ್ಲಾಸು ನಡೆದದ್ದು ಮಾಸ್ತರರ ಮನೆಯ ಅಂಗಳದಲ್ಲಿ. ಶಹಾಬಾದದ ಎಲ್ಲ ಅಂಗಳಗಳಂತೆ ಅದಕ್ಕೂ ಫರಸಿ ಹಾಸಿತ್ತು, ಎರಡಡಿ ಉದ್ದಗಲದ ನೀಲಿ ಕಲ್ಲುಗಳು. ಮಾಸ್ತರು ಬಾಗಿಲ ಹತ್ತಿರದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ‘ಸಿ’ ಎಂದು ಬರೆದರು. ಅದೇ ಮನೆಯ ಪಡಸಾಲೆ ಎಂದರು. ಅಲ್ಲಿಂದ ಗೆರೆ ಎಳೆದು ಮುಂದಿನ ಕಲ್ಲುಗಳಿಗೆ ಒಂದೊಂದು ಹೆಸರು ಕೊಟ್ಟರು. ಅವು ಕೋಣೆಗಳು. ಕೋಣೆಯೊಳಗೆ ಕೋಣೆ, ಅದರೊಳಗೆ ಮತ್ತೊಂದು. ಬರೆದ ಚೀಟಿಗಳೆಲ್ಲ ಫೈಲುಗಳು. ಗಾಳಿಗೆ ಹಾರದಂತೆ ಪ್ರತಿ ಚೀಟಿಯ ಮೇಲೊಂದು ಕಲ್ಲುಚೂರು. ಅಂಗಳದಾಚೆಯ ಎರಡು ಕಟ್ಟೆಗಳು ಫ್ಲಾಪಿ, ಅಂದರೆ ಫೈಲುಗಳನ್ನು ಊರಿಂದೂರಿಗೆ ಒಯ್ಯುವ ಚಪ್ಪಟೆ ತಟ್ಟೆಗಳು.

ನಾನು ‘ಸಿ’ ಮೇಲೆ ನಿಲ್ಲಬೇಕು. ಮಾಸ್ತರು ಕುರ್ಚಿಯಲ್ಲಿ ಕೂತು ಹುಕುಂ ಕೊಡುತ್ತಿದ್ದರು. ಸಿಡಿ ಎಂದು ಕೋಣೆಯ ಹೆಸರು ಹೇಳಿದರೆ ಆ ಕಲ್ಲಿಗೆ ಹೋಗಬೇಕು. ಸಿಡಿ ಎಂದು ಎರಡು ಚುಕ್ಕೆ ಅಂದರೆ ಒಂದು ಕಲ್ಲು ಹಿಂದಕ್ಕೆ ಬರಬೇಕು. ಅಡ್ಡ ಜಿಗಿದರೆ ಬೈಗುಳ. ಎಂಡಿ ಎಂದರೆ ಹೊಸ ಕಲ್ಲಿಗೆ ಹೆಸರು ಬರೆಯಬೇಕು. ಕಾಪಿ ಎಂದರೆ ಚೀಟಿಯನ್ನು ಇನ್ನೊಂದು ಕಾಗದದ ಮೇಲೆ ಇದ್ದ ಹಾಗೆ ಬರೆದು ಹೇಳಿದ ಕಲ್ಲಿನ ಮೇಲೆ ಇಡಬೇಕು. ರೆನ್ ಎಂದರೆ ಹೆಸರು ತಿದ್ದಬೇಕು, ಡೆಲ್ ಎಂದರೆ ಹರಿದು ಹಾಕಬೇಕು. ಇಷ್ಟು ಮಾಡಿದ ಮೇಲೂ ಬಿಡುಗಡೆಯಿಲ್ಲ. ಪ್ರತಿ ಕೆಲಸದ ನಂತರ ಡಿರ್. ಡಿರ್ ಎಂದರೆ ನಿಂತ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಅಲ್ಲಿರುವ ಎಲ್ಲ ಚೀಟಿಗಳ ಹೆಸರನ್ನು ಗಟ್ಟಿಯಾಗಿ ಓದುವುದು. ಇಪ್ಪತ್ತು ಹುಕುಂ ಆದರೆ ಇಪ್ಪತ್ತು ಸಲ ಕೂರಬೇಕು, ಇಪ್ಪತ್ತು ಸಲ ಏಳಬೇಕು. ಎರಡನೇ ದಿನಕ್ಕೆ ನನ್ನ ಮೊಣಕಾಲು ಹಿಡಿದುಕೊಂಡವು. ಈಗಷ್ಟೇ ಇಟ್ಟ ಚೀಟಿಯನ್ನು ಮತ್ತೆ ಓದುವುದು ಯಾತಕ್ಕೆ ಎಂದು ಜಗಳ ತೆಗೆದೆ.

“ಇಟ್ಟೀನಿ ಅಂಬೋದು ಬ್ಯಾರೆ, ಅಲ್ಲಿ ಅದ ಅಂಬೋದು ಬ್ಯಾರೆ. ಕುಂದ್ರು, ಓದು,” ಎಂದರು ಮಾಸ್ತರು.

ಅವರ ಹೆಂಡತಿ ಖುರ್ಷಿದಬೇಗಂ ಹೊರಸಿನ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತ ಇದೆಲ್ಲ ನೋಡುತ್ತಿದ್ದಳು. ನಾನು ಆಕೆಯನ್ನು ಚಾಚಿ ಎನ್ನುತ್ತಿದ್ದೆ. ಹಪ್ಪಳ ಒಣಗಿಸುವ ಕಾಲದಲ್ಲಿ ಅಂಗಳ ತುಂಬ ಇಂಗ್ಲಿಷ್ ಅಕ್ಷರ ಬರೆದಿಟ್ಟ ಗಂಡನ ಮೇಲೆ ಆಕೆಗೆ ಸಿಟ್ಟು. ವಾರಕ್ಕೆರಡು ಸಲ ಒದ್ದೆ ಅರಿವೆ ತಂದು ಇಡೀ ಅಂಗಳ ಒರೆಸಿಬಿಡುತ್ತಿದ್ದಳು. ಎಲ್ಲವನ್ನೂ ಒಮ್ಮೆಗೇ ಅಳಿಸುವ ಹುಕುಂ ಕೊಟ್ಟರೆ ಕಂಪ್ಯೂಟರಾದರೂ ‘ಖಾತ್ರಿ ಇದೆಯಾ’ ಎಂದು ಒಂದು ಮಾತು ಕೇಳುತ್ತದಂತೆ, ಈಕೆ ಅದನ್ನೂ ಕೇಳುವುದಿಲ್ಲ ಎಂದು ಮಾಸ್ತರು ಗೊಣಗುತ್ತ ಮತ್ತೆ ಬರೆಯುತ್ತಿದ್ದರು. ಹಾಗೆ ಅಳಿಸಿ ಬರೆದೇ ನನಗೆ ಎಲ್ಲ ಬಾಯಿಪಾಠವಾಯಿತು.

ಒಂದು ದಿನ ಚಾಚಿ ಬೇಳೆಯಿಂದ ತಲೆ ಎತ್ತಿ, ಒಂದೇ ಕೋಣೆಗೆ ಒಂದೇ ಹೆಸರಿನ ಎರಡು ಚೀಟಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಮಾಸ್ತರು ಪುಸ್ತಕ ತಿರುವಿದರು. ಮತ್ತೆ ಮೊದಲಿಂದ ತಿರುವಿದರು. ಆಮೇಲೆ, ಯಾರ್ಡಿನಲ್ಲಿ ಒಂದೇ ಅಳತೆಯ ಫರಸಿಗಳನ್ನು ಗೋಡೆಗೆ ಆನಿಸಿ ಒಂದರ ಮುಂದೊಂದು ನಿಲ್ಲಿಸುವುದಿಲ್ಲವೇ, ಹಾಗೇ ಇದು ಎಂದರು. ಮುಂದಿನದು ಕಣ್ಣಿಗೆ ಕಾಣುತ್ತದೆ, ಹಿಂದಿನದು ಹಿಂದೆ ಇದ್ದೇ ಇರುತ್ತದೆ. ನಾನು ಹುಟ್ಟಿದಾಗಿನಿಂದ ಫರಸಿ ನಿಲ್ಲಿಸುವುದನ್ನು ನೋಡಿದವಳು. ಅದಕ್ಕಿಂತ ಸರಳವಾದ ಮಾತು ಇರಲಿಕ್ಕಿಲ್ಲ ಎನಿಸಿ ಕೂಡಲೇ ತಲೆಯಾಡಿಸಿದೆ.

ಏಪ್ರಿಲ್ ಕೊನೆಯ ಶನಿವಾರ ಪರೀಕ್ಷೆ. ಹೈದರಾಬಾದಿನ ಹೊಸ ಪ್ಯಾಂಟ್ ಹಾಕಿಕೊಂಡು ರಾಮಲಿಂಗ ಮೊದಲು ಒಳಗೆ ಹೋದ. ಹತ್ತೇ ನಿಮಿಷದಲ್ಲಿ ಹೊರಗೆ ಬಂದು, ಏನೂ ಕಷ್ಟವಿಲ್ಲ, ಹೆದರಬೇಡ ಎಂದು ನನಗೆ ಧೈರ್ಯ ಹೇಳಿದ. ಆ ಧೈರ್ಯ ಕೇಳಿ ನನ್ನ ಅರ್ಧ ಜೀವ ಹೋಯಿತು.

ಒಳಗೆ ಕಪ್ಪು ಪರದೆ. ಅದರ ಮೂಲೆಯಲ್ಲಿ ಹಸಿರು ‘ಸಿ’, ಅದರ ಪಕ್ಕ ಮಿಣುಕುವ ಒಂದು ಗೆರೆ. ನಾನು ಈ ಕಲ್ಲಿನ ಮೇಲೆ ನಿಂತಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಂಡೆ. ಆಶ್ಚರ್ಯವೆಂದರೆ ಹೆದರಿಕೆ ಅಲ್ಲಿಗೇ ನಿಂತಿತು. ಕೆಲಸ ಹೀಗಿತ್ತು: ಗಣಿ ಎಂಬ ಕೋಣೆಯೊಳಗೆ ನಮ್ಮ ನಮ್ಮ ಹೆಸರಿನ ಹೊಸ ಕೋಣೆ ಮಾಡಬೇಕು; ಒಂದು ಫ್ಲಾಪಿಯಿಂದ ಮಾರ್ಚ್ ತಿಂಗಳ ಹಗಲು ಪಾಳಿಯ ರಿಪೋರ್ಟು, ಇನ್ನೊಂದರಿಂದ ರಾತ್ರಿ ಪಾಳಿಯ ರಿಪೋರ್ಟು ತಂದು ಅದರಲ್ಲಿ ಇಡಬೇಕು; ಕೊನೆಗೆ ಎರಡೂ ಫ್ಲಾಪಿ ಅಳಿಸಿ ಖಾಲಿ ಮಾಡಿ ಕೊಡಬೇಕು. ಸಿಡಿ ಹೊಡೆದಾಗಲೆಲ್ಲ ಮೇಜಿನ ಕೆಳಗೆ ನನ್ನ ಕಾಲು ತಾವಾಗಿಯೇ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದವು. ಕಾಲಿಗೆ ಜೋಮು ಹಿಡಿದಿದೆಯೇ ಎಂದು ಸೂರ್ಯಕಾಂತ ಸಾಹೇಬರು ಕೇಳಿದರು.

ಎರಡೂ ರಿಪೋರ್ಟುಗಳ ಹೆಸರು ಒಂದೇ, ರಿಪೋರ್ಟ್. ಇರಲಿ, ಒಂದರ ಮುಂದೊಂದು ನಿಲ್ಲುತ್ತವೆ ಎಂದುಕೊಂಡೆ. ಹಗಲಿನದು ತಂದೆ. ಒಂದು ಫೈಲ್ ಕಾಪಿಯಾಯಿತು ಎಂದು ಯಂತ್ರ ಹೇಳಿತು. ರಾತ್ರಿಯದು ತಂದೆ. ಅದೇ ಮಾತನ್ನು ಅಷ್ಟೇ ಪ್ರೀತಿಯಿಂದ ಮತ್ತೆ ಹೇಳಿತು. ಇನ್ನು ಉಳಿದದ್ದು ಫ್ಲಾಪಿ ಅಳಿಸುವುದು. ಅಷ್ಟರಲ್ಲಿ ಬೆರಳು ರೂಢಿಯಂತೆ ಡಿರ್ ಹೊಡೆದವು.

ಒಂದೇ ರಿಪೋರ್ಟ್ ಇತ್ತು. ತೆರೆದು ಓದಿದೆ. ರಾತ್ರಿ ಪಾಳಿಯದು. ಅದರ ಹಿಂದೆ ಏನೂ ಇರಲಿಲ್ಲ. ಈ ಯಂತ್ರದಲ್ಲಿ ಹಿಂದೆ ಎಂಬುದೇ ಇರಲಿಲ್ಲ. ಮುಂದಿನ ಕಲ್ಲು ಬಂದು ಹಿಂದಿನ ಕಲ್ಲನ್ನು ನುಂಗಿಬಿಟ್ಟಿತ್ತು.

ಸಾಹೇಬರು ಗಡಿಯಾರ ನೋಡುತ್ತಿದ್ದರು. ನಾನು ಎರಡು ಫ್ಲಾಪಿ ಅಳಿಸಿ ಎದ್ದು ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡು ಪರೀಕ್ಷೆ ಗೆದ್ದವರ ಹೆಸರು ನಾನು ಕೇಳಿರಲಿಲ್ಲ. ನಾಲ್ಕು ವರ್ಷದ ನೌಕರಿ ಕಣ್ಣೆದುರು ಬಂತು. ಆದರೆ ಹಗಲು ಪಾಳಿಯಲ್ಲಿ ದುಡಿದವರ ಲೆಕ್ಕವೆಲ್ಲ ಅದರಲ್ಲಿತ್ತು. ಅದನ್ನು ನನ್ನ ಕೈಯಿಂದ ಕೊಂದು ಮನೆಗೆ ಹೋಗಿ ಊಟ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

“ಸಾಹೇಬ್ರ, ನನ್ನ ಕೈಲಿಂದ ಒಂದು ರಿಪೋರ್ಟ್ ಹೋಗ್ಯದ್ರಿ. ಎರಡರ ಹೆಸರೂ ಒಂದೇ ಅದ, ರಾತ್ರಿದು ಬಂದು ಹಗಲಿಂದು ಅಳಿಸ್ಯದ. ಫ್ಲಾಪಿ ಇನ್ನಾ ಅಳಿಸಿಲ್ರಿ. ಬ್ಯಾರೆ ಹೆಸರಿಟ್ಟು ಮತ್ತ ತರ್ತೀನಿ,” ಎಂದೆ.

ಅವರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ನಾನು ಒಂದಕ್ಕೆ ಹಗಲು, ಇನ್ನೊಂದಕ್ಕೆ ರಾತ್ರಿ ಎಂದು ಹೆಸರು ಕೊಟ್ಟು, ಎರಡನ್ನೂ ಮತ್ತೆ ತಂದು, ಡಿರ್ ಹೊಡೆದು, ಎರಡೂ ಇವೆ ಎಂದು ಕಣ್ಣಾರೆ ನೋಡಿ, ಆಮೇಲೆ ಫ್ಲಾಪಿ ಅಳಿಸಿದೆ. ಸಾಹೇಬರು ನನ್ನ ಜಾಗದಲ್ಲಿ ಕೂತು ರಾಮಲಿಂಗ ಮಾಡಿದ ಕೋಣೆ ತೆಗೆದರು. ಅಲ್ಲೂ ಒಂದೇ ರಿಪೋರ್ಟ್. ಅವನ ಎರಡೂ ಫ್ಲಾಪಿ ಖಾಲಿ. ಸಾಹೇಬರ ಮುಖದ ಬಣ್ಣ ಬದಲಾಯಿತು. ಅವನಿಗೆ ಕೊಟ್ಟದ್ದು ಅಸಲು ಫ್ಲಾಪಿ, ನನಗೆ ಕೊಟ್ಟದ್ದು ಅದರ ನಕಲು. ನಾನೂ ಎದ್ದು ಹೋಗಿದ್ದರೆ ಮಾರ್ಚ್ ತಿಂಗಳ ಹಗಲು ಪಾಳಿ ನಡೆದೇ ಇಲ್ಲ ಎಂದಾಗುತ್ತಿತ್ತು.

ನಾಲ್ಕನೇ ದಿನ ಪರ್ಮನೆಂಟ್ ಆರ್ಡರ್ ಕೈಗೆ ಬಂತು. ನನಗೆ ಭಾರಿ ಖುಷಿಯಾಯಿತು. ರಾಮಲಿಂಗನಿಗಾಗಿ ಕಣ್ಣೀರು ಹಾಕಿದೆ ಎಂದು ಸುಳ್ಳು ಹೇಳುವುದಿಲ್ಲ. ಆತ ಸುಲೇಪೇಟದಲ್ಲಿ ಅಂಗಡಿ ಹಾಕಿ ಮುಂದೆ ನನಗಿಂತ ಚೆನ್ನಾಗಿಯೇ ಬಾಳಿದ.

ಪೇಡೆಯ ಪೊಟ್ಟಣ ಹಿಡಿದು ಸಂಜೆ ಮಾಸ್ತರರ ಮನೆಗೆ ಹೋದೆ. ರೈಲಿನಲ್ಲಿ ಕೂತಾಗಿನಿಂದ ಒಂದೇ ಯೋಚನೆ. ಹೇಳಬೇಕೋ ಬೇಡವೋ? ಇಂಥ ದಿನ ಗುರುವಿಗೆ ನಿಮ್ಮ ಪಾಠ ತಪ್ಪು ಎನ್ನುವುದು ನನಗೆ ಕಷ್ಟವಾಯಿತು. ಆದರೆ ಸೋಮವಾರದಿಂದ ನಾಲ್ಕು ಜನ ಹೊಸಬರು ಬರುವವರಿದ್ದರು. ಮಾಸ್ತರು ಆಗಲೇ ಅಂಗಳದಲ್ಲಿ ಬಗ್ಗಿ ಹೆಸರು ಬರೆಯುತ್ತಿದ್ದರು. ಆರ್ಡರನ್ನು ಎರಡು ಸಲ ಓದಿದರು. ಚಾಚಿ ನನ್ನ ತಲೆ ನೇವರಿಸಿ ಪೇಡೆ ಒಳಗೆ ಒಯ್ದಳು.

“ಮಾಸ್ತರ್, ಒಂದು ಮಾತು ತಪ್ಪದ್ರಿ,” ಎಂದೆ. “ಒಂದ ಹೆಸರಿಂದು ಎರಡನೇದು ಬಂದ್ರ ಮೊದಲಿಂದು ಉಳ್ಯಂಗಿಲ್ಲ.”

ಅವರ ಕೈಯಲ್ಲಿನ ಸೀಮೆಸುಣ್ಣ ನಿಂತಿತು. ಅದು ಹೇಗೆ, ಏನಾಯಿತು ಎಂದು ಅವರು ಕೇಳಲಿಲ್ಲ. “ಉಳಿದದ್ದು?” ಎಂದರು.

ಏನು ಉಳಿದದ್ದು ಎಂದು ಕೇಳಿದೆ.

“ಉಳಿದದ್ದು ಖರೇ ಅದ ಏನು, ಬೇಟಾ? ನಾ ಹೇಳಿದಂಗೇ ಆಗ್ತದ ಏನು?”

ಆಮೇಲೆ ತಲೆ ತಗ್ಗಿಸಿಯೇ ಎಲ್ಲ ಹೇಳಿದರು. ಶಿಬಿರದಲ್ಲಿ ನಲವತ್ತು ಜನ, ಒಂದೇ ಯಂತ್ರ. ಇವರದು ಹಿಂದಿನ ಬೆಂಚು. ಮೂರನೇ ದಿನ ಇವರ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಮುಂದೆ ಕೂತವರ ತಲೆಗಳ ಆಚೆ ಏನೋ ಬೆಳಕು ಕಂಡದ್ದಷ್ಟೇ. ಪುಸ್ತಕದಲ್ಲಿದ್ದುದನ್ನು ಓದಿ, ಇಲ್ಲದ್ದನ್ನು ಊಹಿಸಿ ಒಂದು ತಿಂಗಳು ನನಗೆ ಕಲಿಸಿದ್ದರು. ಪರೀಕ್ಷೆಯ ದಿನ ಅವರ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲವಂತೆ.

ನಾನು ರೈಲು ಹತ್ತು ನಿಮಿಷ ತಡವಾದರೆ ಸ್ಟೇಷನ್ ಮಾಸ್ತರನ ಜೊತೆ ಜಗಳಕ್ಕೆ ನಿಲ್ಲುವವಳು. ನನ್ನ ಅನ್ನವನ್ನೆಲ್ಲ ಇವರ ಊಹೆಯ ಮೇಲೆ ಇಟ್ಟಿದ್ದೆನಲ್ಲ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಅವರ ಬೆರಳು ಸೀಮೆಸುಣ್ಣವನ್ನು ಚೂರು ಚೂರು ಮಾಡುತ್ತಿರುವುದು ಕಂಡಿತು. ಆ ಬೆರಳುಗಳೇ ನನಗೆ ಮೊದಲ ಅಕ್ಷರ ಟೈಪ್ ಮಾಡಲು ಕಲಿಸಿದ್ದವು.

“ಉಳಿದದ್ದೆಲ್ಲಾ ಖರೇ ಅದ್ರಿ, ಮಾಸ್ತರ್. ಒಂದೊಂದೂ,” ಎಂದೆ.

ಅವರು ನಿಂತಿದ್ದ ಕಲ್ಲಿನ ಮೇಲೆಯೇ ಕೂತುಬಿಟ್ಟರು. ಆಮೇಲೆ, ಪರದೆಯ ಮೇಲಿನ ಅಕ್ಷರಗಳು ಯಾವ ಬಣ್ಣ ಎಂದು ಕೇಳಿದರು. ಹಸಿರು ಎಂದೆ. ಅವರು ಒಳಗಿದ್ದ ಹೆಂಡತಿಗೆ ಉರ್ದುವಿನಲ್ಲಿ ಕೂಗಿ ಹೇಳಿದರು, ಅಕ್ಷರಗಳು ಹಸಿರಂತೆ. ಭಾನುವಾರ ವಾಡಿಗೆ ಬರ್ರಿ, ನೀವೇ ನೋಡುವಿರಂತೆ ಎಂದೆ.

“ನಮ್ಮಂಥವರಿಗಿ ಮುಟ್ಟಾಕ ಬಿಡ್ತಾರ ಏನು?”

“ಬಿಡವ್ರು ಈಗ ನಾನೇ ಅಲ್ಲೇನ್ರಿ,” ಎಂದೆ.